ಎರಡು ನಿಮಿಷದ ಪರಿಚಯ

ಜನವರಿ ೬

ಅಕ್ಕಾ,

ಫೋನ್ ಮಾಡಿದರೆ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಅದಕ್ಕೇ ಕಾಗದ. ಒಳ್ಳೆಯ ಸುದ್ದಿ ಇದೆ. ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಫೆಬ್ರವರಿ ೨೨ಕ್ಕೆ ಪಂಪ್‌ಹೌಸ್ ನೌಕರರಿಗೆಲ್ಲ ಒಂದು ದಿನದ ತರಬೇತಿ ಇದೆ. ಅತಿಥಿ ಭಾಷಣಕ್ಕೆ ಯಾರನ್ನು ಕರೆಯುವುದು ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ನಿನ್ನ ಹೆಸರು ಹೇಳಿದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಏನ್ರೀ, ನೀರಿನ ಪರೀಕ್ಷಾಲಯದ ಮುಖ್ಯಸ್ಥೆ ನಿಮ್ಮ ಅಕ್ಕನಾ? ಇಷ್ಟು ವರ್ಷ ಬಾಯೇ ಬಿಟ್ಟಿಲ್ವಲ್ಲ!" ಅಂದರು.

ಕಚೇರಿಯಿಂದ ನಿನಗೆ ಬೇರೆ ಆಹ್ವಾನ ಬರುತ್ತದೆ. ಒಪ್ಪಿಕೋ. ಸಭೆಗೆ ನಿನ್ನನ್ನು ಪರಿಚಯಿಸುವ ಕೆಲಸ ನನ್ನದು. ಇಲ್ಲಿ ಯಾರ ಬೀಳ್ಕೊಡುಗೆಯಾದರೂ ಮೈಕಿನ ಮುಂದೆ ನಿಲ್ಲುವವನು ನಾನೇ. ಹಿಂದಿನಿಂದ ನನ್ನನ್ನು "ಮೈಕಪ್ಪ" ಅಂತಾರಂತೆ. ಹೊಟ್ಟೆಕಿಚ್ಚು, ಅನ್ನಲಿ ಬಿಡು.

ನಿನ್ನ ಓದು, ಹುದ್ದೆಗಳು, ಪ್ರಶಸ್ತಿಗಳು, ಹೊರದೇಶಕ್ಕೆ ಹೋಗಿ ಬಂದದ್ದು, ಎಲ್ಲವನ್ನೂ ಬರೆದು ಕಳಿಸು. ಎರಡು ಪುಟಕ್ಕೆ ಕಡಿಮೆ ಇರಬಾರದು. ನೀನು ಎಲುಬು ಕೊಟ್ಟರೆ ಸಾಕು, ಮಾಂಸ ನಾನು ತುಂಬುತ್ತೇನೆ.

ನಿನ್ನ ತಮ್ಮ


ಜನವರಿ ೧೩

ತಮ್ಮಾ,

ಆಹ್ವಾನವೂ ಬಂತು, ನಿನ್ನ ಕಾಗದವೂ ಬಂತು. ಬರುತ್ತೇನೆ ಅಂತ ಕಚೇರಿಗೆ ಬರೆದಿದ್ದೇನೆ. ಆದರೆ ನಿನ್ನ "ಮಾಂಸ ತುಂಬುತ್ತೇನೆ" ಓದಿ ನನಗೆ ದಿಗಿಲಾಯಿತು.

ನನ್ನ ಪಾಡು ಕೇಳು. ಹೋದ ವರ್ಷ ಒಂದು ಕಾಲೇಜಿನಲ್ಲಿ ಪರಿಚಯ ಮಾಡಿದ ಮಹಾನುಭಾವ ಇಪ್ಪತ್ತೆರಡು ನಿಮಿಷ ಮಾತಾಡಿದ. ನನಗೆ ಕೊಟ್ಟಿದ್ದು ಮೂವತ್ತು ನಿಮಿಷ. ಅದಕ್ಕೂ ಹಿಂದೆ ಒಬ್ಬರು ಯಾರದೋ ಹಾಳೆ ಹಿಡಿದು ನನ್ನನ್ನು ಹಾಲಿನ ತಜ್ಞೆ ಅಂದರು. ನಾನು ಎದ್ದು ನಿಂತು, "ಹಾಲಲ್ಲ, ಅದಕ್ಕೆ ಬೆರೆಸೋ ನೀರು" ಅಂದೆ. ಜನ ನಕ್ಕರು, ಆಮೇಲೆ ನಾನು ಏನು ಹೇಳಿದರೂ ನಗುತ್ತಲೇ ಇದ್ದರು. ಇನ್ನೊಬ್ಬರು ನನ್ನ ಭಾಷಣದ ಸಾರಾಂಶವನ್ನೇ ಪರಿಚಯದಲ್ಲಿ ಹೇಳಿ ಮುಗಿಸಿ, "ಈಗ ಮೇಡಂ ಅವರಿಂದಲೇ ಕೇಳೋಣ" ಅಂದರು. ಏನು ಕೇಳುತ್ತಾರೆ, ನನ್ನ ತಲೆ!

ಪರಿಚಯ ಅಂದರೆ ಬಾಗಿಲು ತೆಗೆಯುವ ಕೆಲಸ, ತಮ್ಮಾ. ಬಾಗಿಲು ತೆಗೆದವನು ಪಕ್ಕಕ್ಕೆ ಸರಿಯಬೇಕು. ಕೂತವರಿಗೆ ಒಂದೇ ಒಂದು ಪ್ರಶ್ನೆ ಇರುತ್ತದೆ: ಈಕೆಯ ಮಾತನ್ನು ನಾವು ಯಾಕೆ ಕೇಳಬೇಕು? ಅದಕ್ಕೆ ಉತ್ತರ ಕೊಟ್ಟು ಕೂತುಬಿಡು.

ಬರೆದುಕೋ. ಪರೀಕ್ಷಾಲಯದಲ್ಲಿ ಮೂವತ್ತೆಂಟು ವರ್ಷ. ಮೊದಲ ಹನ್ನೊಂದು ವರ್ಷ ಬಾಟಲಿ ತೊಳೆದಳು. ಸಂಜೆ ಓದಿ ಪರೀಕ್ಷೆ ಕಟ್ಟಿ ಮೇಲೆ ಬಂದಳು. ರಿಜಿಸ್ಟರಿನಲ್ಲಿ ನಿಜ ಬರೆಯುವುದರ ಬಗ್ಗೆ ಮಾತಾಡುತ್ತಾಳೆ. ಇಷ್ಟೇ. ಪ್ರಶಸ್ತಿ ಗಿಶಸ್ತಿ ಬೇಡ.

ಅಕ್ಕ


ಜನವರಿ ೧೯

ಅಕ್ಕಾ,

ನಾಲ್ಕು ಸಾಲು ಹಿಡಿದುಕೊಂಡು ನಾನು ವೇದಿಕೆ ಹತ್ತಿದರೆ, "ಮೈಕಪ್ಪನಿಗೆ ಸ್ವಂತ ಅಕ್ಕನ ಬಗ್ಗೆಯೇ ಮಾತು ಬರಲಿಲ್ಲ" ಅಂತ ಕಚೇರಿಯೆಲ್ಲ ಆಡಿಕೊಳ್ಳುತ್ತದೆ. ಅದರ ಮೇಲೆ ಸಾಹೇಬರ ಕಾಟ. ಬೆಳಿಗ್ಗೆ ಕರೆದು, "ಪರಿಚಯದಲ್ಲಿ ನನ್ನ ಹೆಸರೂ ಎಲ್ಲಾದ್ರೂ ಬರ್ಲಿ, ಸಹಜವಾಗಿ ಬರ್ಲಿ" ಅಂದರು. ನಿನ್ನ ಪರಿಚಯದಲ್ಲಿ ಅವರ ಹೆಸರು ಸಹಜವಾಗಿ ಹೇಗೆ ಬರುತ್ತದೆ ಹೇಳು!

ನಾಲ್ಕು ದಿನ ಕೂತು ಬರೆದಿದ್ದೇನೆ. ಮೂರು ಪುಟ ಆಯಿತು, ಇದರ ಜೊತೆಗೇ ಇಟ್ಟಿದ್ದೇನೆ. ಶುರು ಹೀಗಿದೆ:

"ನೀರೇ ಉಸಿರೆಂದು ಬಗೆದ, ಹನಿಹನಿಯಲ್ಲೂ ಜನಹಿತವನ್ನೇ ಕಂಡ, ಪರೀಕ್ಷಾ ನಳಿಕೆಯನ್ನೇ ಲೇಖನಿಯಾಗಿಸಿಕೊಂಡು ಆರೋಗ್ಯದ ಮಹಾಕಾವ್ಯ ಬರೆದ ಧೀಮಂತ ಮಹಿಳೆ. ಬಾಲ್ಯದಿಂದಲೇ ಪ್ರತಿಭಾವಂತೆಯಾದ ಇವರು ಪೂಜ್ಯ ತಂದೆಯವರ ನಿರಂತರ ಪ್ರೋತ್ಸಾಹದಿಂದ ವಿಜ್ಞಾನದಲ್ಲಿ ಉನ್ನತ ಶಿಕ್ಷಣ ಪಡೆದು..."

ಕಣ್ಣು ಒದ್ದೆಯಾಗಬೇಕು, ಹಾಗಿದೆ. ಬಾಟಲಿ ತೊಳೆದ ವಿಷಯ ಬಿಟ್ಟಿದ್ದೇನೆ. ಸಭೆಯಲ್ಲಿ ಅದು ಯಾಕೆ? ನಿನ್ನ ಘನತೆಗೆ ಹೊಂದುವುದಿಲ್ಲ.

ಪ್ರಶಸ್ತಿಗಳ ಪಟ್ಟಿ ಇನ್ನೂ ಬಂದಿಲ್ಲ, ನೆನಪಿರಲಿ.

ನಿನ್ನ ತಮ್ಮ


ಜನವರಿ ೨೭

ತಮ್ಮಾ,

ಮೂರು ಪುಟವನ್ನೂ ಓದಿದೆ. ಕಣ್ಣು ಒದ್ದೆಯಾಗಲಿಲ್ಲ, ಮೈ ಉರಿಯಿತು.

ಮಹಾಕಾವ್ಯವಂತೆ! ನಿನ್ನ ಪಂಪ್‌ಹೌಸಿನವರು ಇದನ್ನು ಕೇಳಿದರೆ ಒಬ್ಬನಾದರೂ ನನ್ನ ಹತ್ತಿರ ಬಾಯಿ ಬಿಡುತ್ತಾನಾ? "ದೊಡ್ಡ ಮೇಡಂ ಬಂದಿದ್ದಾರೆ, ಬಗ್ಗಿ ಕೂತ್ಕೊ" ಅಂತಾರೆ. ನೀನು ನನ್ನನ್ನು ಅಟ್ಟದ ಮೇಲೆ ಕೂರಿಸಿದರೆ ನನ್ನ ಅರ್ಧ ಗಂಟೆ ಕೆಳಗೆ ಇಳಿಯುವುದಕ್ಕೇ ಸರಿಹೋಗುತ್ತದೆ.

ನಾನು ಬರುತ್ತಿರುವುದು ಯಾಕೆ ಅಂತ ಗೊತ್ತಾ? ಮೂರು ವರ್ಷದ ಹಿಂದೆ ನಮ್ಮಲ್ಲಿ ಒಂದು ಬಡಾವಣೆಯ ಅರವತ್ತು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಒಂದು ಮಗು ಉಳಿಯಲಿಲ್ಲ. ನಾನು ಪಂಪ್‌ಹೌಸಿಗೆ ಹೋಗಿ ರಿಜಿಸ್ಟರ್ ತೆಗೆದೆ. ಪ್ರತಿದಿನ ನೀರಿಗೆ ಕ್ಲೋರಿನ್ ಹಾಕಿದ ಲೆಕ್ಕ, ಮುತ್ತು ಪೋಣಿಸಿದಂಥ ಅಕ್ಷರ. ಆದರೆ ಕ್ಲೋರಿನ್ ಮುಗಿದು ಒಂಬತ್ತು ದಿನ ಆಗಿತ್ತು. "ಯಾಕಪ್ಪಾ ಹೀಗೆ ಬರೆದೆ?" ಅಂದೆ. ಅವನು ಕೈಕಟ್ಟಿ ನಿಂತು ಹೇಳಿದ, "ಇಲ್ಲ ಅಂತ ಬರೆದ್ರೆ ಬೈತಾರೆ ಮೇಡಂ. ಇದೆ ಅಂತ ಬರೆದ್ರೆ ಯಾರೂ ಕೇಳಲ್ಲ."

ಅವನು ಕೆಟ್ಟವನಲ್ಲ, ಹೆದರಿದವನು. ಅಂಥವರ ಜೊತೆ ಮಾತಾಡಬೇಕು ನಾನು. ಅವರಿಗೆ ನಾನು ಯಾರು ಅಂತ ಗೊತ್ತಾಗಬೇಕಾದರೆ ಆ ಬಾಟಲಿಗಳೇ ಬೇಕು. ಅದನ್ನೇ ತೆಗೆದು ಹಾಕಿದ್ದೀಯ!

ಇನ್ನೊಂದು. "ತಂದೆಯವರ ನಿರಂತರ ಪ್ರೋತ್ಸಾಹ" ಎಲ್ಲಿಂದ ಬಂತು? ಹದಿನೆಂಟನೇ ವಯಸ್ಸಿನಲ್ಲಿ ನಾನು ಪರೀಕ್ಷಾಲಯದವರ, ಹಾಸ್ಟೆಲ್ಲಿನಲ್ಲಿದ್ದು ಕಲಿಯುವ ಕೋರ್ಸಿಗೆ ಅರ್ಜಿ ಬರೆದದ್ದು, ಉತ್ತರವೇ ಬಾರದೆ ಎರಡು ತಿಂಗಳು ಗೇಟಿನ ಹತ್ತಿರ ಅಂಚೆಯವನಿಗೆ ಕಾದದ್ದು ನಿನಗೆ ನೆನಪಿಲ್ಲವಾ? ಅಪ್ಪ ಅಂದದ್ದು ಒಂದೇ ಮಾತು, "ನೋಡಿದ್ಯಾ, ಅವರಿಗೆ ನೀನು ಬೇಡ." ನನ್ನ ಅಂಕ ಸಾಲಲಿಲ್ಲ ಅಂದುಕೊಂಡೆ. ನಾನು ದಡ್ಡಿ ಅಂತ ವರ್ಷಗಟ್ಟಲೆ ನಂಬಿದೆ. ಅದೇ ಪರೀಕ್ಷಾಲಯದ ಹಿಂಬಾಗಿಲಿನಿಂದ ಬಾಟಲಿ ತೊಳೆಯಲು ಹೋದೆ. ಸತ್ತವರನ್ನು ಬೈಯಬೇಡ, ಸರಿ. ಆದರೆ ಇಲ್ಲದ್ದನ್ನು ಹೊಗಳಲೂ ಬೇಡ.

ಒಂದು ಮಾತು ಕೇಳುತ್ತೇನೆ, ನೇರವಾಗಿ ಹೇಳು. ಅಕ್ಕ ಬಾಟಲಿ ತೊಳೆದವಳು ಅಂತ ನಿನ್ನ ಸಾಹೇಬರ ಮುಂದೆ ಹೇಳಲು ನಿನಗೆ ನಾಚಿಕೆಯಾ?

ಅಕ್ಕ


ಜನವರಿ ೩೧

ಅಕ್ಕಾ,

ನಾಚಿಕೆ ಅಲ್ಲ. ಹಾಗೆಲ್ಲ ತಿಳಿಯಬೇಡ.

ಇಲ್ಲಿ ಕೆಲಸ ಜಾಸ್ತಿ. ಕುರ್ಚಿ, ಮೈಕು, ಚಹಾ, ಎಲ್ಲವೂ ನನ್ನ ತಲೆಗೇ ಕಟ್ಟಿದ್ದಾರೆ. ಗಂಟಲೂ ಸರಿಯಿಲ್ಲ. ಯೋಚನೆ ಮಾಡಿದೆ, ಪರಿಚಯವನ್ನು ನಮ್ಮ ಅಕೌಂಟ್ಸ್ ವಿಭಾಗದ ಹುಡುಗಿ ಮಾಡಲಿ. ಚೆನ್ನಾಗಿ ಮಾತಾಡುತ್ತಾಳೆ. ನಿನ್ನ ನಾಲ್ಕು ಸಾಲನ್ನು ಅವಳಿಗೆ ಕೊಡುತ್ತೇನೆ.

ತಮ್ಮ


ಫೆಬ್ರವರಿ ೫

ತಮ್ಮಾ,

ಉತ್ತರ ಸಿಕ್ಕಿತು.

ಗಂಟಲಂತೆ. ಜ್ವರ ಬಂದು ನಾಲಿಗೆ ಒಣಗಿದ್ದಾಗಲೂ ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ಓಡಿದವನು ನೀನು. ನೆಪವನ್ನಾದರೂ ಸರಿಯಾಗಿ ಹುಡುಕು.

ಮೂರು ಪುಟದ ಸುಳ್ಳನ್ನು ಎದೆಯುಬ್ಬಿಸಿ ಹೇಳಲು ತಯಾರಾಗಿದ್ದವನು, ಒಂದು ಸಾಲಿನ ನಿಜ ಹೇಳಬೇಕು ಅಂದ ಕೂಡಲೇ ಮೈಕು ಬೇರೆಯವರ ಕೈಗೆ ಕೊಟ್ಟೆ. ನನ್ನ ಕೈ ಬಾಟಲಿ ತೊಳೆಯುವ ಸೋಡಾ ಪುಡಿಯಲ್ಲಿ ಬಿರುಕು ಬಿಟ್ಟಿದ್ದಾಗ ಎಣ್ಣೆ ಹಚ್ಚುತ್ತಿದ್ದವನು ನೀನೇ. ಆಗ ನಾಚಿಕೆ ಇರಲಿಲ್ಲ. ಈಗ ಕುರ್ಚಿ ಸಿಕ್ಕಿದೆ, ನಾಚಿಕೆಯೂ ಬಂದಿದೆ.

ಆ ಹುಡುಗಿಯೇ ಮಾಡಲಿ. ನನಗೆ ಗೊತ್ತಿಲ್ಲದವಳು ನನ್ನನ್ನು ಪರಿಚಯಿಸಿದರೆ ನನಗೇನೂ ಬೇಜಾರಿಲ್ಲ. ಬೇಜಾರು ಯಾಕೆ ಅಂತ ನಿನಗೇ ಗೊತ್ತು.

ಅಕ್ಕ


ಫೆಬ್ರವರಿ ೯

ಅಕ್ಕಾ,

ಇದನ್ನು ಐದು ಸಲ ಬರೆದು ಹರಿದಿದ್ದೇನೆ. ಮತ್ತೆ ಓದಿದರೆ ಇದನ್ನೂ ಹರಿಯುತ್ತೇನೆ, ಅದಕ್ಕೆ ಓದದೆ ಹಾಗೇ ಲಕೋಟೆಗೆ ಹಾಕುತ್ತೇನೆ.

ನಿನಗೆ ಉತ್ತರ ಬರಲಿಲ್ಲ, ಯಾಕೆಂದರೆ ನಿನ್ನ ಅರ್ಜಿ ಹೋಗಲೇ ಇಲ್ಲ.

ಅಂಚೆಡಬ್ಬಿಗೆ ಹಾಕಿ ಬಾ ಅಂತ ನೀನು ನನ್ನ ಕೈಗೆ ಕೊಟ್ಟೆ. ನನಗೆ ಹದಿನಾಲ್ಕು. ಗೇಟಿನಲ್ಲಿ ಅಪ್ಪ ನಿಲ್ಲಿಸಿದರು. "ಅದನ್ನ ಹಾಕ್ಬೇಡ. ಅವಳು ಹೋದ್ರೆ ಹಾಸಿಗೆ ಹಿಡಿದಿರೋ ನಿಮ್ಮಮ್ಮನ್ನ ಯಾರು ನೋಡ್ತಾರೆ? ನಿನಗೆ ಅನ್ನ ಯಾರು ಹಾಕ್ತಾರೆ?" ಅಂದರು. ಇಷ್ಟು ಹೇಳಿ ಕೆಲಸಕ್ಕೆ ಹೋದರು. ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ. ಅದನ್ನು ನೀನು ತಿಳಿಯಬೇಕು. ಲಕೋಟೆ ನನ್ನ ಕೈಯಲ್ಲೇ ಇತ್ತು. ನಾನು ಡಬ್ಬಿಯವರೆಗೂ ಹೋದೆ. ಹಾಕಬಹುದಾಗಿತ್ತು, ಅಪ್ಪನಿಗೆ ಗೊತ್ತೂ ಆಗುತ್ತಿರಲಿಲ್ಲ. ವಾಪಸು ತಂದು ನೀರಿನ ಒಲೆಗೆ ಹಾಕಿದೆ.

ಅಪ್ಪ ಹೆದರಿಸಿದರು ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ಮಾತ್ರ. ನೀನು ಹೋಗುವುದು ನನಗೂ ಬೇಡವಾಗಿತ್ತು. ನೀನಿಲ್ಲದ ಆ ಮನೆಯಲ್ಲಿ ಅಪ್ಪನ ಜೊತೆ ನಾನು ಒಬ್ಬನೇ ಇರಲಾರೆ ಅನ್ನಿಸಿತು.

ನೀನು ಗೇಟಿನ ಹತ್ತಿರ ಕಾಯುವುದನ್ನು ಎರಡು ತಿಂಗಳು ನೋಡಿದೆ. ಒಂದು ದಿನ ಕೇಳಿದೆ ನೀನು, "ಸರಿಯಾಗಿ ಹಾಕಿದ್ಯಾ ಪುಟ್ಟಾ, ಡಬ್ಬಿ ಬಾಯಲ್ಲಿ ಸಿಕ್ಕಿಕೊಂಡಿಲ್ಲ ತಾನೇ?" "ಒಳಗೆ ಬಿದ್ದ ಸದ್ದು ಕೇಳಿಸ್ತು ಅಕ್ಕಾ" ಅಂದೆ. ಎಂಥ ಸುಳ್ಳು ನೋಡು, ಸದ್ದನ್ನೂ ಸೇರಿಸಿದೆ.

ಬಾಟಲಿಯ ವಿಷಯದಲ್ಲಿ ನನಗೆ ನಾಚಿಕೆ ಇರುವುದು ನಿಜ. ನಿನ್ನ ಬಗ್ಗೆ ಅಲ್ಲ. ಆ ಹನ್ನೊಂದು ವರ್ಷ ನಾನು ಕೊಟ್ಟದ್ದು. ಅದನ್ನು ನನ್ನ ಬಾಯಿಂದ ನೂರೈವತ್ತು ಜನರ ಮುಂದೆ ನಿನ್ನ ಹೆಮ್ಮೆ ಅಂತ ಹೇಗೆ ಹೇಳಲಿ? ನೀನು ಆ ಪಂಪ್‌ಹೌಸಿನವನನ್ನು "ಹೆದರಿದವನು" ಅಂತ ಬರೆದ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನೀನು ಹೇಳಿದರೆ ವೇದಿಕೆಯ ಮೇಲೆಯೇ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ.

ತಮ್ಮ


ಫೆಬ್ರವರಿ ೧೬

ಅಕ್ಕಾ,

ಏಳು ದಿನವಾಯಿತು. ಫೋನ್ ಮಾಡಿದೆ, ಎತ್ತಲಿಲ್ಲ. ಪರೀಕ್ಷಾಲಯಕ್ಕೆ ಮಾಡಿದರೆ, "ಮೇಡಂ ಇದ್ದಾರೆ, ಆದ್ರೆ ಮಾತಾಡಲ್ವಂತೆ" ಅಂದರು.

ಕಾರ್ಯಕ್ರಮದ ಹಾಳೆ ಅಚ್ಚಾಗಿದೆ. ನಿನ್ನ ಹೆಸರಿದೆ. ಸಾಹೇಬರು ದಿನಕ್ಕೆ ಎರಡು ಸಲ, "ಅಕ್ಕ ಬರ್ತಾರೆ ತಾನೇ?" ಅಂತಾರೆ. ನಾನು ತಲೆಯಾಡಿಸುತ್ತೇನೆ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಬೈದಾದರೂ ಬರೆ.

ತಮ್ಮ


ಫೆಬ್ರವರಿ ೧೮

ಬರುತ್ತೇನೆ. ಅವರು ನೀರು ಬಿಡುವ ಜನ, ನಿನ್ನ ಮೇಲಿನ ಸಿಟ್ಟಿಗೆ ಅವರ ಸಭೆ ಕೆಡಿಸುವುದಿಲ್ಲ.

ಪರಿಚಯ ನೀನೇ ಮಾಡಬೇಕು. ಆ ಹುಡುಗಿಯ ತಲೆಗೆ ಕಟ್ಟಿ ತಪ್ಪಿಸಿಕೊಳ್ಳಬೇಡ. ಎರಡು ನಿಮಿಷ, ಒಂದು ಸೆಕೆಂಡೂ ಹೆಚ್ಚಿಲ್ಲ. ವೇದಿಕೆಯ ಮೇಲೆ ಒಪ್ಪಿಕೊಳ್ಳುತ್ತೇನೆ ಅಂದೆಯಲ್ಲ, ಆ ಕೆಲಸ ಮಾತ್ರ ಮಾಡಬೇಡ. ನೀನು ಅಲ್ಲಿ ಅತ್ತರೆ ಎಲ್ಲರೂ ನಿನ್ನನ್ನು ನೋಡುತ್ತಾರೆ. ಪಾಪ, ದೊಡ್ಡ ಮನಸ್ಸು ಅಂತಾರೆ. ಅದಾದ ಮೇಲೆ ನಾನು ಏನು ಮಾತಾಡಲಿ? ನನ್ನ ಒಂದು ಜಾಗವನ್ನು ಈಗಾಗಲೇ ಕಿತ್ತುಕೊಂಡಿದ್ದೀಯ. ಇದನ್ನಾದರೂ ಬಿಟ್ಟುಕೊಡು.

ಆ ಪಂಪ್‌ಹೌಸಿನವನ ಪಕ್ಕದಲ್ಲಿ ನೀನು ಹೋಗಿ ನಿಲ್ಲಬೇಡ. ಅವನು ನಾನು ಕೇಳಿದ ದಿನವೇ ಹೇಳಿದ. ನಾನು ನಿನ್ನನ್ನೂ ಕೇಳಿದ್ದೆ, ನೀನು ಸದ್ದನ್ನೂ ಸೇರಿಸಿದೆ.

ನಿಲ್ದಾಣಕ್ಕೆ ಬರಬೇಡ. ದಾರಿ ಗೊತ್ತು.


ಫೆಬ್ರವರಿ ೨೪

ಅಕ್ಕಾ,

ನೀನು ನಾಲ್ಕು ಗಂಟೆಯ ಬಸ್ಸಿಗೆ ಹೊರಟೇಬಿಟ್ಟೆ. ಮಾತಾಡಲು ಆಗಲಿಲ್ಲ. ಅದಕ್ಕೆ ಮತ್ತೆ ಕಾಗದ.

ಸಾಹೇಬರು ಸ್ವಾಗತದ ಹೆಸರಿನಲ್ಲಿ ನಲವತ್ತು ನಿಮಿಷ ಕೊರೆದದ್ದು ನೀನೂ ಕಂಡೆ. ಹಿಂದಿನ ಎರಡು ಸಾಲು ನಿದ್ದೆಗೆ ಬಿದ್ದಿತ್ತು. ನಾನು ಎದ್ದಾಗ ಅವರು ಮೇಜಿನ ಮೇಲಿಂದ ಒಂದು ಚೀಟಿ ಸರಿಸಿದರು. ಅದರಲ್ಲಿ ಅವರದೇ ಹೆಸರು, ಮೂರು ಕಡೆ. ಅದನ್ನು ಮಡಚಿ ಜೇಬಿಗೆ ಹಾಕಿದೆ. ಈಗ ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ. ನಿನ್ನೆ ಕೋಣೆಗೆ ಕರೆದು, "ಅದೆಂಥ ಪರಿಚಯ ಮಾಡಿದ್ರಿ? ಬಾಯಿಗೆ ಬಂದಂಗೆ ಮಾತಾಡೋಕೆ ನಮ್ಮ ಜನಕ್ಕೆ ನೀವೇ ಬಾಗಿಲು ತೆಗೆದುಕೊಟ್ರಿ" ಅಂದರು. "ಹೌದು ಸಾರ್, ಪರಿಚಯ ಇರೋದೇ ಅದಕ್ಕೆ" ಅಂದುಬಿಟ್ಟೆ.

ಹೇಳಿದ್ದು ಸರಿಯಾಯಿತೋ ಇಲ್ಲವೋ ನೀನು ಹೇಳಲಿಲ್ಲ. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು:

"ಈಗ ಮಾತಾಡೋರು ನೀರಿನ ಪರೀಕ್ಷಾಲಯದಲ್ಲಿ ಮೂವತ್ತೆಂಟು ವರ್ಷ ಕಳೆದವರು. ಮೊದಲ ಹನ್ನೊಂದು ವರ್ಷ ಬಾಟಲಿ ತೊಳೆದ್ರು. ನಿಮ್ಮಂಥವರು ಸ್ಯಾಂಪಲ್ ತುಂಬಿಸಿ ಕಳಿಸೋ ಬಾಟಲಿಗಳು. ಯಾರು ಟ್ಯಾಂಕ್ ಹತ್ತಿ ತುಂಬಿಸಿದ್ದಾರೆ, ಯಾರು ಸೋಮಾರಿತನಕ್ಕೆ ಆಫೀಸಿನ ನಲ್ಲಿ ನೀರನ್ನೇ ಹಿಡಿದು ಕಳಿಸಿದ್ದಾರೆ ಅಂತ ಮುಚ್ಚಳ ತೆಗೆದ ಕೂಡಲೇ ಇವರಿಗೆ ಗೊತ್ತಾಗುತ್ತೆ. ಆ ಕೆಲಸಕ್ಕೆ ಇವರು ಹೋಗಬೇಕಾಗಿರಲಿಲ್ಲ. ಮುಂಬಾಗಿಲಿಂದಲೇ ಹೋಗಬೇಕಾದವರು. ಅದು ತಪ್ಪಿದ್ದು ಇವರ ತಪ್ಪಿನಿಂದ ಅಲ್ಲ. ಇವತ್ತು ಇವರು ಯಾರನ್ನೂ ಬೈಯೋಕೆ ಬಂದಿಲ್ಲ. ರಿಜಿಸ್ಟರಿನಲ್ಲಿ 'ಇಲ್ಲ' ಅನ್ನೋ ಎರಡಕ್ಷರ ಬರೆಯೋದು ನಮಗೆಲ್ಲ ಯಾಕೆ ಇಷ್ಟು ಕಷ್ಟ ಅಂತ ಕೇಳೋಕೆ ಬಂದಿದ್ದಾರೆ."

ಆಮೇಲೆ ನಿನ್ನ ಹೆಸರು ಹೇಳಿ ಕೂತೆ. ಸ್ಯಾಂಪಲಿನ ಮಾತಿಗೆ ಅವರು ನಕ್ಕರಲ್ಲ, ಆಗ ಹಿಂದಿನ ಸಾಲೂ ಎದ್ದಿತು.

ನೀನು ಮಾತು ಮುಗಿಸಿ, "ಈಗ ನೀವು ಹೇಳಿ" ಅಂದಾಗ ಎಲ್ಲರೂ ಸಾಹೇಬರ ಮುಖ ನೋಡಿದರು. ಕೊನೆಗೆ ನಮ್ಮ ಎಲ್ಲರಿಗಿಂತ ಹಿರಿಯ ಆಪರೇಟರ್ ಎದ್ದು ನಿಂತರು. "ಮೇಡಂ, ನಮ್ಮ ಟ್ಯಾಂಕಲ್ಲಿ ಕ್ಲೋರಿನ್ ಮೀಟರ್ ಕೆಟ್ಟು ಒಂದೂವರೆ ತಿಂಗಳಾಯ್ತು. ನಾನು ದಿನಾ ಒಂದು ನಂಬರ್ ಬರೀತಾ ಇದ್ದೀನಿ" ಅಂದರು. ಸಾಹೇಬರು, "ಅದೆಲ್ಲ ಇಲ್ಲಿ ಬೇಡಪ್ಪಾ" ಅಂದರು. ನೀನು ತಿರುಗಿ, "ಇಲ್ಲೇ ಬೇಕು ಸಾರ್" ಅಂದೆ. ಆಮೇಲೆ ಒಬ್ಬರ ಹಿಂದೆ ಒಬ್ಬರು ಎದ್ದರು. ಏಳು ಜನ. ನಾನು ಎಣಿಸಿದೆ.

ಆ ಟ್ಯಾಂಕಿಗೆ ಈ ದಿನ ಬೆಳಿಗ್ಗೆ ಹೊಸ ಮೀಟರ್ ಹೋಯಿತು. ನಾನೇ ಗೋದಾಮಿನಿಂದ ತೆಗೆಸಿ ಕಳಿಸಿದೆ.

ನೀನು ಮನೆಗೆ ಬರಲಿಲ್ಲ. ಇವಳು ಊಟಕ್ಕೆ ಕಾಯುತ್ತಿದ್ದಳು. ಕೆಲಸವಿತ್ತು ಅಂತ ಹೇಳಿದೆ.

ತಮ್ಮ


ಮಾರ್ಚ್ ೪

ತಮ್ಮಾ,

ಕೆಲಸವಿತ್ತು ಅಂತ ಯಾಕೆ ಹೇಳಿದೆ? ನನಗೇನೂ ಕೆಲಸವಿರಲಿಲ್ಲ. ನಿನ್ನ ಮನೆಗೆ ಬಂದು ಊಟಕ್ಕೆ ಕೂರಲು ನನ್ನಿಂದ ಆಗಲಿಲ್ಲ. ನಿನ್ನ ಹೆಂಡತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಎಲ್ಲವನ್ನೂ ಹೇಳು.

ಸಿಟ್ಟು ಇಳಿದಿಲ್ಲ. ಇಳಿಯುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಒಂದು ಕ್ಷಣ ನೆನಪಿರುವುದಿಲ್ಲ, ಆಮೇಲೆ ನೆನಪಾಗುತ್ತದೆ. ನಾನು ದಡ್ಡಿ ಅಂದುಕೊಂಡು ಬದುಕಿದ ಆ ವರ್ಷಗಳನ್ನು ಯಾರ ಹತ್ತಿರ ಹೋಗಿ ಕೇಳಲಿ? ಅಪ್ಪ ಇಲ್ಲ. ನೀನು ಇದ್ದೀಯ, ಆದರೆ ನಿನಗೆ ಹದಿನಾಲ್ಕು ಅಂತ ನೆನಪಾದರೆ ಪೂರ್ತಿ ಬೈಯಲೂ ಆಗುವುದಿಲ್ಲ. ಅದಕ್ಕೇ ಇನ್ನೂ ರೇಗುತ್ತದೆ.

ಪರಿಚಯ ಚೆನ್ನಾಗಿತ್ತು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಅಷ್ಟು ಸರಿಯಾಗಿ ಹೇಳಿರಲಿಲ್ಲ. "ಇವರ ತಪ್ಪಿನಿಂದ ಅಲ್ಲ" ಅಂದಾಗ ನೀನು ಹಾಳೆ ಬಿಟ್ಟು ನನ್ನ ಕಡೆ ತಿರುಗಿದೆ. ಆ ಎರಡು ಸಾಲು ಸಭೆಗೆ ಅಲ್ಲ ಅಂತ ನನಗೆ ಗೊತ್ತಾಯಿತು. ಬಿಡು.

ಬಸ್ ನಿಲ್ದಾಣದಲ್ಲಿ ನಿಮ್ಮ ಆ ಹಿರಿಯ ಆಪರೇಟರ್ ಸಿಕ್ಕಿದ್ದರು. ನನ್ನ ಚೀಲವನ್ನು ಬೆಂಚಿನ ಮೇಲೆ ಇಟ್ಟುಕೊಟ್ಟು, ಪಕ್ಕದಲ್ಲಿ ನಿಂತೇ ಇದ್ದರು. ಆಮೇಲೆ ಕೇಳಿದರು.

"ಮೇಡಂ, ನಿಮ್ಮ ಪರಿಚಯ ಮಾಡಿದ್ರಲ್ಲ ನಮ್ಮ ಮೈಕಪ್ಪ, ಅವರು ಯಾವಾಗ್ಲೂ ಹಂಗೆ ಮಾತಾಡೋರಲ್ಲ. ನಿಮ್ಮನ್ನ ಬಹಳ ದಿನದಿಂದ ಬಲ್ಲೋರ ಥರ ಹೇಳಿದ್ರು. ಮೊದಲೇ ಗೊತ್ತಾ?"

"ನನ್ನ ತಮ್ಮ" ಅಂದೆ.

"ಹೌದಾ! ಪಂಪ್‌ಹೌಸಿನ ನಮಗ್ಯಾರಿಗೂ ಗೊತ್ತೇ ಇಲ್ಲ. ಮತ್ತೆ ಅಷ್ಟು ಜನರ ಮುಂದೆ ಅದೊಂದು ಮಾತು ಹೇಳ್ಲೇ ಇಲ್ವಲ್ಲ ಅವರು?"

"ಅವನಿಗೆ ಹೇಳೋಕಾಗ್ಲಿಲ್ಲ. ನಾನು ಹೇಳ್ತಾ ಇದ್ದೀನಲ್ಲ" ಅಂದೆ.

ಅಕ್ಕ